ಈ ಮೇಜು ಯಾರದು ಸ್ವಾಮಿ?

ಅಂಗಡಿಯ ಬೋರ್ಡು ಕನ್ನಡದಲ್ಲಿ ಇಲ್ಲವೆಂದರೆ ಬೀದಿಗಿಳಿಯುತ್ತೇವೆ. ಬ್ಯಾಂಕಿನ ಚಲನ್ ಕನ್ನಡದಲ್ಲಿ ಇಲ್ಲವೆಂದರೆ ಮ್ಯಾನೇಜರ ಮುಂದೆ ನಿಂತು ದನಿ ಎತ್ತುತ್ತೇವೆ. ಸರಿಯೇ. ಆದರೆ ಬೋರ್ಡನ್ನು ನಾವು ನೋಡುವುದು ಒಂದು ಗಳಿಗೆ. ಚಲನ್ ತುಂಬುವುದು ತಿಂಗಳಿಗೊಮ್ಮೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಕಣ್ಣು ನೆಟ್ಟು ಕೂರುವ ಕಂಪ್ಯೂಟರ್ ಪರದೆ ಇದೆಯಲ್ಲ, ಅದರ ಮುಂದೆ ಮಾತ್ರ ನಾವು ಬಾಯಿಗೆ ಕುಕ್ಕೆ ಹಾಕಿಸಿಕೊಂಡ ಎತ್ತುಗಳು! ಅದು ತೋರಿಸಿದ ದಾರಿಯಲ್ಲಿ ಹೋಗುತ್ತೇವೆ, ಅದು ಕೇಳಿದ ಕೀಲಿ ಒತ್ತುತ್ತೇವೆ, ಅದು ಸತಾಯಿಸಿದರೆ ನಮಗೇ ಕಂಪ್ಯೂಟರ್ ಬಾರದು ಅಂದುಕೊಳ್ಳುತ್ತೇವೆ.

ಗೆಳೆಯರೇ, ನಿಮಗೆ ಕಂಪ್ಯೂಟರ್ ಬರುತ್ತದೆ. ಕಂಪ್ಯೂಟರಿಗೆ ನೀವು ಬರುವುದಿಲ್ಲ! ಜಗಳ ಇರುವುದು ಅಲ್ಲಿ.

ಅಮೆರಿಕದ ಆಫೀಸಿನ ಪಡಿಯಚ್ಚು

ಡೆಸ್ಕ್‌ಟಾಪ್ ಅಂದರೆ ಮೇಜಿನ ಮೇಲ್ಮೈ. ಯಾರ ಮೇಜು? ೧೯೭೦ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಕಂಪೆನಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿ ೧೯೭೩ರಲ್ಲಿ ಆಲ್ಟೋ ಎಂಬ ಯಂತ್ರ ತಯಾರಾಯಿತು. ೧೯೮೧ರಲ್ಲಿ ಸ್ಟಾರ್ ಎಂಬ ಯಂತ್ರ ಮಾರುಕಟ್ಟೆಗೆ ಬಂತು. ಅದರ ಪರದೆಯ ಮೇಲೆ ಫೋಲ್ಡರು, ಫೈಲಿಡುವ ಬೀರು, ಬಂದ ಕಾಗದದ ಬುಟ್ಟಿ, ಹೋಗುವ ಕಾಗದದ ಬುಟ್ಟಿಗಳ ಚಿತ್ರಗಳು ಕೂತವು. ಅಮೆರಿಕದ ಕಚೇರಿಗಳ ನೌಕರರಿಗೆ ಗುರುತು ಹತ್ತಲಿ ಎಂದು ಅಮೆರಿಕದ ಎಂಜಿನಿಯರುಗಳು ಮಾಡಿದ ಏರ್ಪಾಡು ಅದು. ಅವರ ಜನಕ್ಕೆ ಅವರು ಮಾಡಿಕೊಂಡರು, ತಪ್ಪೇನಿಲ್ಲ. ೧೯೮೪ರಲ್ಲಿ ಆಪಲ್ ಕಂಪೆನಿಯ ಮ್ಯಾಕಿಂಟಾಷ್ ಇದೇ ದಾರಿ ಹಿಡಿಯಿತು. ೧೯೯೫ರ ಆಗಸ್ಟಿನಲ್ಲಿ ವಿಂಡೋಸ್ ೯೫ ಬಂದ ಮೇಲೆ ಇಡೀ ಜಗತ್ತಿಗೆ ಇದೇ ಮೇಜು ಗತಿಯಾಯಿತು.

ಅದಕ್ಕೂ ಮೊದಲಿನ ಕತೆ ಇನ್ನೂ ಸ್ವಾರಸ್ಯ. ಮೌಸ್ ಕಂಡುಹಿಡಿದ ಡಗ್ಲಸ್ ಎಂಗಲ್‌ಬಾರ್ಟ್ ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ ಯಂತ್ರವನ್ನು ಜನರ ಮುಂದಿಟ್ಟರು. ಅವರ ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಐದು ಕೀಲಿಗಳ ಪುಟ್ಟ ಹಲಗೆ. ಎರಡೂ ಕೈ ದುಡಿಯಬೇಕು, ಮನುಷ್ಯನ ಬುದ್ಧಿಯ ಬಲ ಹೆಚ್ಚಬೇಕು ಎಂಬುದು ಅವರ ಗುರಿ. ಕಂಪೆನಿಗಳು ಮೌಸನ್ನು ಇಟ್ಟುಕೊಂಡವು. ಐದು ಕೀಲಿಯ ಹಲಗೆಯನ್ನು ಎಸೆದವು, ಗುರಿಯನ್ನೂ ಎಸೆದವು. ನಮ್ಮ ಮುಂದಿರುವ ಪರದೆ ದೇವರು ಬರೆದದ್ದಲ್ಲ. ಯಾರೋ ಕೆಲವರು ಆರಿಸಿದ್ದು, ಕೆಲವನ್ನು ಕೈಬಿಟ್ಟದ್ದು. ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಬಿಚ್ಚಿ ಮತ್ತೆ ಕಟ್ಟಬಹುದು.

ಒಂದೇ ಕೀಲಿ, ಎರಡು ನಾಲಿಗೆ

ಆಪಲ್‌ನಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ೧೯೭೯ರಲ್ಲಿ ಶುರು ಮಾಡಿದ ಜೆಫ್ ರಾಸ್ಕಿನ್, ಜೆರಾಕ್ಸಿನಲ್ಲಿ ದುಡಿದ ಲ್ಯಾರಿ ಟೆಸ್ಲರ್ ಇಬ್ಬರೂ ಜೀವನವಿಡೀ ಒಂದು ಪಿಡುಗಿನ ವಿರುದ್ಧ ಹೋರಾಡಿದರು. ಅದರ ಹೆಸರು ಮೋಡ್. ಒಂದೇ ಕೀಲಿ ಒತ್ತಿದರೆ ಒಮ್ಮೆ ಒಂದು ಆಗುವುದು, ಇನ್ನೊಮ್ಮೆ ಬೇರೆಯೇ ಆಗುವುದು. ಕೆಲಸ ಮಾಡುವವನ ಗಮನ ಕೆಲಸದ ಮೇಲಿರುತ್ತದೆ. ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂದು ಅವನು ಮೂಲೆಯಲ್ಲಿನ ಗುರುತು ನೋಡುತ್ತ ಕೂರುವುದಿಲ್ಲ. ಆದ್ದರಿಂದ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪು ಅವನದಲ್ಲ, ಯಂತ್ರದ್ದು. ರಾಸ್ಕಿನ್ ತಮ್ಮ ೨೦೦೦ದ ಪುಸ್ತಕದಲ್ಲಿ ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದಾರೆ.

ಇಂಗ್ಲಿಷಿನವನಿಗೆ ಈ ಪಿಡುಗು ಅಂದರೆ ಹೆಚ್ಚೆಂದರೆ ಕ್ಯಾಪ್ಸ್ ಲಾಕ್. ಕನ್ನಡಿಗನಿಗೆ? ದಿನವಿಡೀ ಅದರಲ್ಲೇ ಬಾಳು! ಕಗಪ ಕೀಲಿಮಣೆಯಲ್ಲಿ 'ಕನ್ನಡ' ಎಂದು ಬರೆಯಲು ಐದು ಕೀಲಿ ಸಾಕು. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಚೊಕ್ಕ ದಾರಿ ಅದು. ಆದರೆ ಯಂತ್ರ ಇಂಗ್ಲಿಷಿನಲ್ಲಿ ಇದ್ದರೆ ಅದೇ ಐದು ಕೀಲಿಗೆ ಬರುವುದು ಕೆ, ಎನ್, ಎಫ್, ಎನ್, ಡಬ್ಲ್ಯು! ಅಳಿಸು, ಭಾಷೆ ಬದಲಿಸು, ಮತ್ತೆ ಹೊಡೆ. ನಡುವೆ ಒಂದು ಇ-ಮೇಲ್ ವಿಳಾಸ ಬಂತು, ಮತ್ತೆ ಬದಲಿಸು. ಮರೆತೆಯಾ? ಮತ್ತೆ ಅಳಿಸು. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಗುಂಡಿ. ಒತ್ತಿದರೆ ಅತ್ತ, ಮತ್ತೆ ಒತ್ತಿದರೆ ಇತ್ತ. ಈಗ ಎತ್ತ ಎಂದು ತಿಳಿಯಬೇಕಾದರೆ ಪರದೆಯ ಮೂಲೆಗೆ ಕಣ್ಣು ಹಾಯಿಸಬೇಕು.

ಲೆಕ್ಕ ಹಾಕಿ ನೋಡೋಣ. ಇಂಥ ಎಡವಟ್ಟು ದಿನಕ್ಕೆ ನೂರು, ಒಂದೊಂದಕ್ಕೆ ಐದು ಸೆಕೆಂಡು ಎಂದು ಹಿಡಿಯಿರಿ. ದಿನಕ್ಕೆ ಎಂಟು ನಿಮಿಷ. ವರ್ಷದಲ್ಲಿ ೨೫೦ ಕೆಲಸದ ದಿನವೆಂದರೆ ಸುಮಾರು ೩೫ ಗಂಟೆ. ನಾಲ್ಕು ದಿನಕ್ಕೂ ಮೀರಿದ ದುಡಿಮೆಯನ್ನು ಒಬ್ಬ ಕನ್ನಡದ ಟೈಪಿಸ್ಟು ಈ ಗುಂಡಿಗೆ ಕಂದಾಯ ಕಟ್ಟುತ್ತಾನೆ. ಆಮೇಲೆ ಸಾಹೇಬರು ಬೈಯುತ್ತಾರೆ: ಕನ್ನಡದಲ್ಲಿ ಕೆಲಸ ನಿಧಾನ, ಇಂಗ್ಲಿಷಿನಲ್ಲೇ ಹೊಡೆದು ತನ್ನಿ!

ಮದ್ದು ಇಲ್ಲವೇ? ಇದೆ. ಜಪಾನಿನಲ್ಲಿ ಮಾರುವ ಆಪಲ್ ಕೀಲಿಮಣೆ ನೋಡಿ. ಸ್ಪೇಸ್ ಬಾರಿನ ಎಡಕ್ಕೆ ಇಂಗ್ಲಿಷಿಗೊಂದು ಕೀಲಿ, ಬಲಕ್ಕೆ ಜಪಾನಿ ಭಾಷೆಗೊಂದು ಕೀಲಿ. ಈಗ ಯಾವುದರಲ್ಲಿದ್ದೇನೆ ಎಂದು ಕೇಳುವ ಅಗತ್ಯವೇ ಇಲ್ಲ. ಬೇಕಾದ್ದನ್ನು ಒತ್ತಿದರೆ ಅದೇ ಬರುತ್ತದೆ. ರಷ್ಯದಲ್ಲಿ ಪುಂಟೋ ಸ್ವಿಚರ್ ಎಂಬ ಪ್ರೋಗ್ರಾಮು ತಪ್ಪು ಲಿಪಿಯಲ್ಲಿ ಹೊಡೆದ ಪದವನ್ನು ತಾನೇ ತಿದ್ದುತ್ತದೆ. ಜಪಾನೀಯರು ೧೯೭೮ರಲ್ಲೇ ತೋಷಿಬಾ ಕಂಪೆನಿಯಿಂದ ತಮ್ಮ ಭಾಷೆಯ ವರ್ಡ್ ಪ್ರೊಸೆಸರ್ ಮಾಡಿಸಿಕೊಂಡರು. ಅದರ ಬೆಲೆ ೬೩ ಲಕ್ಷ ಯೆನ್! ಭಾಷೆಯನ್ನು ಯಂತ್ರಕ್ಕೆ ತಕ್ಕಂತೆ ಕತ್ತರಿಸಲಿಲ್ಲ, ಯಂತ್ರವನ್ನು ಭಾಷೆಗೆ ಬಗ್ಗಿಸಿದರು. ನಾವು ಒಂದು ಹೆಚ್ಚುವರಿ ಕೀಲಿಯನ್ನಾದರೂ ಕೇಳಿದ್ದೇವೆಯೇ?

ಕಣ್ಣಿಗೆ ಕಂಡರೂ ಕೈಗೆ ಸಿಗದ ಕನ್ನಡ

ಇನ್ನು ಹುಡುಕಾಟ. ಕಂಪ್ಯೂಟರಿನ ಹೆಚ್ಚುಗಾರಿಕೆಯೇ ಅದು ಅಲ್ಲವೇ? 'ಜಮೀನು' ಎಂದು ಹುಡುಕಿ. 'ಜಮೀನಿನ', 'ಜಮೀನಿಗೆ', 'ಜಮೀನಿನಲ್ಲಿ' ಇರುವ ಕಡತಗಳು ಸಿಗುವುದಿಲ್ಲ. ಕನ್ನಡದ ಪದ ವಿಭಕ್ತಿ ಹಚ್ಚಿಕೊಂಡು ರೂಪ ಬದಲಿಸುತ್ತದೆ ಎಂಬುದು ಹೈಸ್ಕೂಲು ಹುಡುಗನಿಗೆ ಗೊತ್ತು. ಲಕ್ಷಾಂತರ ರೂಪಾಯಿಯ ತಂತ್ರಾಂಶಕ್ಕೆ ಗೊತ್ತಿಲ್ಲ!

ಕೊನೆಯಲ್ಲಿ ಅರ್ಧಾಕ್ಷರ ಬರುವ 'ಬ್ಯಾಂಕ್' ಪದ ತಗೊಳ್ಳಿ. ಕೆಲವು ಪ್ರೋಗ್ರಾಮುಗಳು ಅದರ ಹಿಂದೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಎರಡು ಬೇರೆ ಪದ. ಸೊನ್ನೆಯ ಅಂಕಿಯನ್ನೇ ಅನುಸ್ವಾರವೆಂದು ಹೊಡೆದವರ ಕಾಗದಗಳು ಎಷ್ಟಿವೆಯೋ! ಅವೂ ಸಿಗುವುದಿಲ್ಲ.

ಪಟ್ಟಿ ಜೋಡಿಸುವುದರಲ್ಲೂ ಇದೇ ಹಾಡು. ಯೂನಿಕೋಡ್ ಕೋಷ್ಟಕದಲ್ಲಿ 'ಳ' ಅಕ್ಷರ 'ಲ'ದ ಹಿಂದೆಯೇ ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ 'ಹ'ದ ಆಚೆ, ಕಟ್ಟಕಡೆಗೆ. ಕೋಷ್ಟಕದ ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಮಿನಲ್ಲಿ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಮ್ಮ ಮಕ್ಕಳು ಕಲಿತ ಕ್ರಮದಲ್ಲಿ ಬಸವಕಲ್ಯಾಣ ಮೊದಲು.

ಇದಕ್ಕೆಲ್ಲ ಕ್ಯಾಲಿಫೋರ್ನಿಯಾದವರನ್ನೇ ಬೈದರೆ ಸಾಲದು. ಯೂನಿಕೋಡ್ ಎಂಬ ಹೆಸರಿಟ್ಟ ಜೋ ಬೆಕರ್ ಅದೇ ಜೆರಾಕ್ಸಿನವರು. ೧೯೯೧ರಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಬಂತು. ಆದರೂ ನಮ್ಮ ಕಚೇರಿಗಳು, ಪ್ರೆಸ್ಸುಗಳು ವರ್ಷಗಟ್ಟಲೆ ಹಳೆಯ ಫಾಂಟುಗಳಲ್ಲೇ ಬರೆದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕೊಂಬು ಕೋಡು ಮೂಡಿದ ಇಂಗ್ಲಿಷ್ ಅಕ್ಷರಗಳ ಸಂತೆ! ಯಂತ್ರದ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಹುಡುಕಲು ಬಾರದ ಈ ಕಾಗದಗಳು ರಾಶಿ ರಾಶಿ ಬಿದ್ದಿವೆ. ಅವನ್ನು ಪರಿವರ್ತಿಸುವ ಕೆಲಸಕ್ಕೆ ಯಾವ ಮಂತ್ರಿಯೂ ಟೇಪು ಕತ್ತರಿಸಲು ಬರುವುದಿಲ್ಲ. ಅದಕ್ಕೇ ಅದು ಆಗುತ್ತಿಲ್ಲ.

ಕಡತ ಯಾರ ಹತ್ತಿರ ಇದೆ?

ಮೆನುಗಳನ್ನು ಕನ್ನಡ ಮಾಡಿದರಲ್ಲ ಎನ್ನಬಹುದು. ಮಾಡಿದರು. 'ಫೈಲ್' ಹೋಗಿ 'ಕಡತ' ಆಯಿತು, ಪಕ್ಕದಲ್ಲಿ ಕಂಸದೊಳಗೆ ಅದೇ ಇಂಗ್ಲಿಷ್ ಅಕ್ಷರ ಉಳಿಯಿತು. ಮನೆ ಅವರದು, ಬಾಗಿಲಿನ ತೋರಣ ನಮ್ಮದು! ಯಾರೂ ಆಡದ, ನಿಘಂಟಿನಿಂದ ಹೆಕ್ಕಿದ ಪದಗಳನ್ನು ತುಂಬಿ ಕನ್ನಡಿಗನೇ ಹೆದರಿ ಇಂಗ್ಲಿಷಿಗೆ ಓಡುವಂತೆ ಮಾಡಿದರು. ಗುಮಾಸ್ತೆ 'ಪ್ರಿಂಟ್ ಹಾಕು' ಅನ್ನುತ್ತಾಳೆ. ಆ ಮಾತನ್ನೇ ಬರೆದರೆ ಕನ್ನಡದ ಮಾನ ಹೋಗುವುದಿಲ್ಲ.

ನಿಜವಾದ ಪ್ರಶ್ನೆ ಪದದ್ದಲ್ಲ, ಕೆಲಸದ್ದು. ನಮ್ಮ ತಾಲೂಕು ಕಚೇರಿಯ ಕಡತ ಅಮೆರಿಕದ ಫೋಲ್ಡರಿನ ಹಾಗೆ ಬೀರುವಿನಲ್ಲಿ ಮಲಗಿರುವ ವಸ್ತುವಲ್ಲ. ಅದು ನಡೆದಾಡುತ್ತದೆ. ಆವಕದಲ್ಲಿ ನಂಬರು ಬಿದ್ದು, ಕೇಸ್ ವರ್ಕರ್ ಟಿಪ್ಪಣಿ ಬರೆದು, ಶಿರಸ್ತೇದಾರರ ಮೇಜಿಗೆ ಹೋಗಿ, ತಹಸೀಲ್ದಾರರ ಸಹಿಗೆ ಕಾಯುತ್ತದೆ. ರೈತ ಬಂದು 'ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ' ಎಂದು ಕೇಳುವುದಿಲ್ಲ. 'ಯಾರ ಹತ್ತಿರ ಇದೆ, ಎಷ್ಟು ದಿನದಿಂದ ಇದೆ' ಎಂದು ಕೇಳುತ್ತಾನೆ. ಡೆಸ್ಕ್‌ಟಾಪ್ ಇದಕ್ಕೆ ಉತ್ತರಿಸುವುದಿಲ್ಲ. 'ಹೊಸದು ೧', 'ಹೊಸದು ೨', 'ಕೊನೆಯದು', 'ನಿಜವಾದ ಕೊನೆಯದು' ಎಂಬ ಹೆಸರಿನ ಫೈಲುಗಳು ಪರದೆ ತುಂಬ ಸಿಡುಬು ಎದ್ದಂತೆ ಹರಡಿರುತ್ತವೆ, ಅಷ್ಟೆ. ಹೆಸರು, ಸರ್ವೆ ನಂಬರು, ತಾರೀಕು, ಯಾರ ಕೈಯಲ್ಲಿದೆ — ಈ ನಾಲ್ಕರಿಂದ ತೆರೆದುಕೊಳ್ಳುವ ಪರದೆ ನಮಗೆ ಬೇಕು. ಫೈಲಿಗೆ ಹೆಸರಿಟ್ಟು ಫೋಲ್ಡರು ಹುಡುಕಿ ತುರುಕುವ ತೊತ್ತಿನ ಕೆಲಸ ಯಂತ್ರ ಮಾಡಲಿ.

ಇದು ಕನಸಲ್ಲ. ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕನ್ನಡದಲ್ಲೇ ಸೇರಿದವು. ೨೦೦೧ರ ಸುಮಾರಿಗೆ ಇದೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಕೈಯಂತ್ರ ರೂಪಿಸಿದರು. ಓದು ಬಾರದವರಿಗೂ ದಕ್ಕಬೇಕೆಂದು ಕಡ್ಡಿಯಿಂದ ಮುಟ್ಟುವ ಪರದೆ, ಕನ್ನಡ ಓದಿ ಹೇಳುವ ದನಿ ಇಟ್ಟರು. ಐಫೋನ್ ಬರುವುದಕ್ಕೆ ವರ್ಷಗಳ ಮೊದಲು! ಮಾರಾಟದಲ್ಲಿ ಅದು ಸೋತಿತು. ಬುದ್ಧಿಯಲ್ಲಿ ಸೋಲಲಿಲ್ಲ. ಕೊಳ್ಳಬೇಕಾದವರು ಬೆನ್ನು ತಿರುಗಿಸಿದರು.

ಸಬೂಬುಗಳಿಗೆ ಜವಾಬು

'ಈಗ ಮೊಬೈಲ್ ಕಾಲ, ಡೆಸ್ಕ್‌ಟಾಪ್ ಯಾರಿಗೆ ಬೇಕು?' ಕೋರ್ಟಿನ ತೀರ್ಪು, ಪಂಚಾಯಿತಿಯ ನಡಾವಳಿ, ಪತ್ರಿಕೆಯ ಪುಟ ಇವನ್ನು ಹೆಬ್ಬೆರಳಿನಲ್ಲಿ ಒತ್ತಿ ಮುಗಿಸಿ ತೋರಿಸಿ, ಆಮೇಲೆ ಮಾತಾಡೋಣ.

'ಇನ್ನು ಮಾತಾಡಿದರೆ ಸಾಕು, ಯಂತ್ರವೇ ಬರೆದುಕೊಳ್ಳುತ್ತದೆ.' ಬರೆದುಕೊಳ್ಳಲಿ. ಒಂದೇ ಹಾಲಿನಲ್ಲಿ ಕೂತ ಹತ್ತು ಗುಮಾಸ್ತರು ಒಟ್ಟಿಗೆ ಮಾತಾಡಿದರೆ ಅದು ಕಚೇರಿಯಲ್ಲ, ಸಂತೆ. ಬರೆದದ್ದನ್ನು ತಿದ್ದುವುದು, ಹುಡುಕುವುದು, ಜೋಡಿಸುವುದು ಎಲ್ಲವೂ ಮತ್ತೆ ಇದೇ ಪರದೆಯ ಮೇಲೇ.

'ಇಂಗ್ಲಿಷ್ ಕಲಿತುಬಿಟ್ಟರೆ ಮುಗಿಯಿತಲ್ಲ!' ಕಲಿಯುತ್ತೇವೆ, ಕಲಿತಿದ್ದೇವೆ. ಆದರೆ ೧೯೬೩ರ ರಾಜಭಾಷಾ ಕಾಯ್ದೆಯ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಬರೆಯಬೇಕಾದ ಕಾಗದವೇ ಕನ್ನಡದ್ದು. ಗುಮಾಸ್ತ ಷೇಕ್ಸ್‌ಪಿಯರ್ ಓದಿದ್ದರೂ ಈ ಗುಂಡಿಯ ಕಾಟ ತಪ್ಪುವುದಿಲ್ಲ.

ಕೇಳಿದರೆ ಬಗ್ಗುತ್ತಾರೆ

ದೊಡ್ಡ ಕಂಪೆನಿಗಳು ನಮ್ಮ ಮಾತು ಕೇಳುತ್ತವೆಯೇ ಎಂಬ ಅನುಮಾನ ಬೇಡ. ೨೦೧೨ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ೮ರಿಂದ ಸ್ಟಾರ್ಟ್ ಗುಂಡಿಯನ್ನೇ ಕಿತ್ತುಹಾಕಿತು. ಜನ ರೊಚ್ಚಿಗೆದ್ದರು. ೨೦೧೩ರಲ್ಲಿ ಗುಂಡಿ ವಾಪಸು ಬಂತು, ೨೦೧೫ರಲ್ಲಿ ಮೆನುವೂ ಬಂತು. ಗಿರಾಕಿ ಗದರಿದರೆ ಎಂಥ ದೊರೆಯೂ ಬಗ್ಗುತ್ತಾನೆ. ಈ ರಾಜ್ಯದಲ್ಲಿ ದೊಡ್ಡ ಗಿರಾಕಿ ನಮ್ಮ ಸರಕಾರವೇ. ಟೆಂಡರಿನ ಕಾಗದದಲ್ಲಿ ಇಷ್ಟು ಬರೆಯಲಿ:

೧. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಬೇರೆ ಬೇರೆ ಕೀಲಿ. ಯಾವ ಭಾಷೆಯಲ್ಲಿದ್ದೇವೆ ಎಂಬುದು ಮೂಲೆಯಲ್ಲಲ್ಲ, ಬರೆಯುವ ಕರ್ಸರಿನಲ್ಲೇ ಕಾಣಬೇಕು. ತಪ್ಪು ಭಾಷೆಯಲ್ಲಿ ಹೊಡೆದದ್ದು ಒಂದೇ ಕೀಲಿಗೆ ತಿದ್ದಿಕೊಳ್ಳಬೇಕು.

೨. 'ಜಮೀನು' ಎಂದರೆ 'ಜಮೀನಿನ'ವೂ ಸಿಗುವ ಹುಡುಕಾಟ. ಕಾಣದ ಗುರುತುಗಳ ನೆಪ ಹೇಳುವಂತಿಲ್ಲ.

೩. ನಮ್ಮ ವರ್ಣಮಾಲೆಯ ಕ್ರಮದಲ್ಲೇ ಪಟ್ಟಿ.

೪. ಹಳೆಯ ಫಾಂಟಿನ ಕಾಗದಗಳೆಲ್ಲ ಯೂನಿಕೋಡಿಗೆ, ಕಾಲಮಿತಿಯೊಳಗೆ.

೫. ಯಾವ ತಂತ್ರಾಂಶವೂ ಒಪ್ಪಿಗೆ ಪಡೆಯುವ ಮೊದಲು ತಾಲೂಕು ಕಚೇರಿಯ ಗುಮಾಸ್ತರ ಕೈಯಲ್ಲಿ ಪರೀಕ್ಷೆಯಾಗಬೇಕು. ಗಡಿಯಾರ ಹಿಡಿದು ಅಳೆಯಬೇಕು. ವಿಧಾನಸೌಧದ ಪ್ರಾತ್ಯಕ್ಷಿಕೆ ನಮಗೆ ಬೇಡ.

ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುವ ತಮ್ಮಂದಿರೇ, ತಂಗಿಯರೇ! ಲಂಡನ್ನಿನ ಬ್ಯಾಂಕಿಗೆ, ನ್ಯೂಯಾರ್ಕಿನ ವಿಮಾ ಕಂಪೆನಿಗೆ ಪರದೆ ಕಟ್ಟಿಕೊಡುವ ಕೈ ನಿಮ್ಮದು. ಒಂದು ಶನಿವಾರ ನಿಮ್ಮ ಬಡಾವಣೆಯ ಡಿ.ಟಿ.ಪಿ. ಅಂಗಡಿಗೆ ಹೋಗಿ, ಟೈಪು ಮಾಡುವವರ ಪಕ್ಕ ಒಂದು ಗಂಟೆ ಕೂತು ನೋಡಿ. ಎಷ್ಟು ಸಲ ಅಳಿಸಿದರು, ಎಷ್ಟು ಸಲ ಭಾಷೆ ಬದಲಿಸಿದರು, ಏನು ಹುಡುಕಿ ಸಿಗದೆ ಸುಮ್ಮನಾದರು, ಬರೆದುಕೊಳ್ಳಿ. ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶದ ಒಳಗುಟ್ಟು ಯಾರು ಬೇಕಾದರೂ ತೆರೆದು ತಿದ್ದಬಹುದು. ಅಪ್ಪಣೆ ಕೇಳಬೇಕಾಗಿಲ್ಲ. ಒಂದು ದೋಷ ತಿದ್ದಿ. ಅದು ನೂರು ಘೋಷಣೆಗೆ ಸಮ.

ಬೋರ್ಡಿಗೆ ಕಪ್ಪು ಬಳಿಯಲು ಒಂದು ಡಬ್ಬಿ ಬಣ್ಣ ಸಾಕು. ಮೇಜನ್ನೇ ಬದಲಿಸಲು ಬುದ್ಧಿ ಬೇಕು, ಬೆವರು ಬೇಕು. ಎರಡೂ ನಮ್ಮಲ್ಲಿವೆ. ಹಾಗಾದರೆ ಇನ್ನೂ ಯಾರದೋ ಮೇಜಿನ ಮುಂದೆ ಕೈಕಟ್ಟಿ ನಿಂತಿರುವುದು ಯಾಕೆ?