ವರನ ವಿಚಾರ ಮಾಡೋ ನಾವು ವಕೀಲರ ವಿಚಾರ ಯಾಕ ಮಾಡಂಗಿಲ್ಲ?

ಮಗಳನ್ನ ಕೊಡೋ ಮುಂದ ಎಷ್ಟು ವಿಚಾರ ಮಾಡ್ತೀವಿ ಹೇಳ್ರಿ. ಹುಡುಗ ಏನು ಓದ್ಯಾನ, ಎಲ್ಲಿ ನೌಕರಿ, ಚಟ ಏನರ ಅದಾವೇನು ಅಂತ ಅವರೂರಾಗ ನಾಕು ಮನಿ ಕೇಳೇ ಮುಂದಿನ ಮಾತು. ಅದೇ ಹೊಲದ ದಾವಾ ಹಾಕೋ ಮುಂದ? ಯಾರೋ ಹೇಳಿದ್ರಂತ ಹೋಗಿ, ಕರೀ ಕೋಟು ನೋಡಿ, ವಕಾಲತ್ತಿಗೆ ಸಹಿ ಮಾಡಿ ಬರ್ತೀವಿ. ನನಗಂತೂ ಇದು ಸರಿ ಅನ್ಸಂಗಿಲ್ಲ.

ನಮ್ಮ ನೆಗೆಣ್ಣಿ ಕಥಿನೇ ಕೇಳ್ರಿ. ನಾರಾಯಣಪುರ ಡ್ಯಾಮಿನ ಕಾಲುವಿ ನೀರು ಬಂದ ಮ್ಯಾಲ ಶಹಾಪುರ, ಸುರಪುರ ಕಡಿ ಹೊಲಕ್ಕ ಬಂಗಾರದ ಬೆಲಿ. ತವರುಮನ್ಯಾಗ ಪಾಲು ಕೇಳಿದ್ಲು, ತಮ್ಮಂದಿರು ಮಾರಿ ತಿರುಗಿಸಿದ್ರು. ಆಕಿ ಹಿಡಿದ ವಕೀಲರು ಹೊಡೆದಾಟ, ಜಾಮೀನು ಕೇಸಿನ್ಯಾಗ ಹೆಸರು ಮಾಡಿದವ್ರು. “ಈಗ ರೊಕ್ಕ ಬ್ಯಾಡವ್ವ, ಗೆದ್ದ ಮ್ಯಾಲ ಒಂದೆಕರೆ ಕೊಡು” ಅಂದ್ರಂತ. ದೇವ್ರಂಥ ಮನುಷ್ಯಾ ಅಂತ ಈಕಿ ಕೈ ಮುಗಿದು ಬಂದ್ಲು.

ಮೂರು ತಿಂಗಳಾದ ಮ್ಯಾಲ ನನ್ನ ಮಗ ಮೊಬೈಲಿನ್ಯಾಗ ಇ-ಕೋರ್ಟ್ಸ್ ಆ್ಯಪ್ ತೆಗೆದು ನೋಡಿದ್ರ, ವಾದಿ ಕಡಿಯವ್ರು ಯಾರೂ ಬಂದಿಲ್ಲಂತ ದಾವಾ ವಜಾ ಆಗಿತ್ತು! ತಾರೀಖು ಯಾವತ್ತಂತ ಈಕಿಗೆ ಹೇಳಿದವ್ರೇ ಇಲ್ಲ. 30 ದಿನದಾಗ ಅರ್ಜಿ ಹಾಕಬೇಕಿತ್ತು, ಅದು ದಾಟಿತ್ತು. ತಡ ಯಾಕಾಯ್ತಂತ ಬ್ಯಾರೆ ಅರ್ಜಿ ಹಾಕಿ, ಎದುರಿನವರಿಗೆ ಖರ್ಚು ಕಟ್ಟಿ, ದಾವಾ ತಿರುಗಿ ಚಾಲೂ ಮಾಡಿಸೋದ್ರಾಗ ಸಾಕಾಗಿಹೋಯ್ತು.

ಆವಾಗ ನಾ ಕಲ್ತಿದ್ದು ಹೇಳ್ತೀನಿ. ವಕೀಲರಾಗಬೇಕಂದ್ರ ಕಾನೂನು ಪದವಿ ಒಂದೇ ಸಾಲಂಗಿಲ್ಲ, ರಾಜ್ಯ ವಕೀಲರ ಪರಿಷತ್ತಿನ್ಯಾಗ ಹೆಸರು ನೋಂದಾಯಿಸಿ ಸನ್ನದು ತಗೋಬೇಕು. ಆ ನಂಬರಿನ ಕೊನಿಗೆ ನೋಂದಣಿ ವರ್ಷ ಇರ್ತದ. ಆದ್ರ ವರ್ಷ ಎಣಿಸಿದ್ರ ಮುಗೀಲಿಲ್ಲ. ಸಿವಿಲ್ ಕೆಲಸ ಬ್ಯಾರೆ, ಕ್ರಿಮಿನಲ್ ಕೆಲಸ ಬ್ಯಾರೆ. ಪಹಣಿ, ಮ್ಯುಟೇಶನ್, ಹಳೇ ಖರೀದಿ ಪತ್ರ ಎಲ್ಲಾ ಕುಂತು ಓದೋರು ಬೇಕು. “ಪಾಲಿನ ದಾವಾ ಎಷ್ಟು ನಡೆಸೀರಿ ಸರ್? ಸಾಕ್ಷಿ ವಿಚಾರಣಿ ನೀವೇ ಮಾಡ್ತೀರೇನು? ಮುಂದ ಯಾದಗಿರಿಗೆ, ಕಲಬುರಗಿ ಹೈಕೋರ್ಟ್ ಪೀಠಕ್ಕ ಹೋಗೋದಾದ್ರ ಯಾರು ನೋಡ್ತಾರ?” ಅಂತ ಕೇಳ್ರಿ.

ಇನ್ನ ಆ ಒಂದೆಕರೆ ಮಾತು. ಗೆದ್ರ ಇಷ್ಟು ಪಾಲು ಅಂತ ಫೀ ಮಾತಾಡೋದು ವಕೀಲರ ನಿಯಮದಾಗೇ ಇಲ್ಲ, ಅದು ತಪ್ಪು. ಫೀ ಎಷ್ಟಂತ ಮೊದ್ಲೇ ಕೇಳ್ರಿ, ಕೊಟ್ಟಿದ್ದಕ್ಕ ರಸೀದಿ ತಗೋರಿ. ಫೀ ಬಾಕಿ ಅದ ಅಂತ ಫೈಲು ಹಿಡಿದಿಟ್ಕೊಳ್ಳಂಗಿಲ್ಲಂತ 2000ದಾಗೇ ಸುಪ್ರೀಂ ಕೋರ್ಟ್ ಹೇಳ್ಯಾದ.

“ಹಿಂಗೆಲ್ಲಾ ಕೇಳಿದ್ರ ವಕೀಲರು ಸಿಟ್ಟಿಗೇಳ್ತಾರ” ಅಂತಾರ ನಮ್ಮ ಮನಿಯವ್ರು. ಏಳಲಿ ಬಿಡ್ರಿ. ಛಲೋ ವಕೀಲರು ಸಿಟ್ಟಾಗಂಗಿಲ್ಲ. ಈಗ ನೆಗೆಣ್ಣಿ ದಾವಾ ನೋಡೋದು ಒಬ್ಬಾಕಿ ಸಣ್ಣ ವಯಸ್ಸಿನ ವಕೀಲಿ. ಸನ್ನದು ತಗೊಂಡು ಐದು ವರ್ಷನೂ ಆಗಿಲ್ಲ. ಮೊದಲಿನವ್ರು “ನಿಮ್ಮಪ್ಪ 2005ಕ್ಕಿಂತ ಮೊದ್ಲೇ ತೀರಿಕೊಂಡಾನ, ನಿನಗ ಜಾಸ್ತಿ ಬರಂಗಿಲ್ಲ” ಅಂದಿದ್ರು. ಈ ಹುಡುಗಿ, ಪಿತ್ರಾರ್ಜಿತ ಆಸ್ತಿಯಾಗ ಮಗಳಿಗೆ ಮಗನಷ್ಟೇ ಹಕ್ಕು, ಅಪ್ಪ ಆವಾಗ ಜೀವಂತ ಇರಬೇಕಂತಿಲ್ಲ ಅನ್ನೋ 2020ರ ಸುಪ್ರೀಂ ಕೋರ್ಟ್ ತೀರ್ಪು ತೆಗೆದು ತೋರಿಸಿದ್ಲು.

ಆಕಿಗೆ ನೆಗೆಣ್ಣಿ ಒಂದು ರೂಪಾಯಿ ಫೀ ಕೊಟ್ಟಿಲ್ಲ. 1987ರ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ ಆದಾಯ ನೋಡದೇ ಪುಕ್ಕಟೆ ವಕೀಲರನ್ನ ಕೊಡ್ತಾರ. ತಾಲೂಕು ಕೋರ್ಟಿನ್ಯಾಗಿರೋ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು, ಇಲ್ಲಾ 15100ಕ್ಕ ಫೋನ್ ಹಚ್ಚಬೇಕು. ಪುಕ್ಕಟೆ ಅಂದ್ರ ಕೇಳಂಗಿಲ್ಲಂತಲ್ಲ ಮತ್ತ, ಅಲ್ಲೂ ಇದೇ ಪ್ರಶ್ನಿ ಕೇಳ್ರಿ.

ನೆಗೆಣ್ಣಿ ದಾವಾ ಇನ್ನೂ ಮುಗಿದಿಲ್ಲ. ಆದ್ರ ಈಗ ಮುಂದಿನ ತಾರೀಖು ಆಕಿ ಅಡಗಿ ಮನಿ ಕ್ಯಾಲೆಂಡರಿನ್ಯಾಗ ಗುರುತು ಮಾಡಿರ್ತದ, ಹಾಲಿನ ಲೆಕ್ಕದ ಬಾಜೂಕ.