ಕೊವೆಂಟ್ರಿ ಡಿಗ್ರಿ ಜಿಲ್ಲೆಗೆ ಬರಲ್ವಾ?

ಇಂಗ್ಲೆಂಡಿನ ಕೊವೆಂಟ್ರಿ ಅಂದರೆ ಕಾರಿನ ಊರು. ಅಲ್ಲಿಯ ವಿಶ್ವವಿದ್ಯಾಲಯ 1999ರಲ್ಲಿ ಬೆಂಗಳೂರಿನ ಎಂ.ಎಸ್. ರಾಮಯ್ಯ ಸಂಸ್ಥೆ ಜೊತೆ ಕೈಜೋಡಿಸಿತು. ಆಟೋಮೋಟಿವ್ ಎಂಜಿನಿಯರಿಂಗ್ ಪಾಠ ಬೆಂಗಳೂರಲ್ಲಿ, ಎಂಎಸ್ಸಿ ಪದವಿ ಕೊವೆಂಟ್ರಿಯದು. ವಿಮಾನ ಹತ್ತದೆ ವಿಲಾಯತಿ ಡಿಗ್ರಿ! ಬೇಡ ಅನ್ನೋರು ಯಾರು?

ಆಮೇಲೆ ಚಕ್ರ ತಿರುಗಿತು. 2005ರಲ್ಲಿ ಕೊವೆಂಟ್ರಿಯ ಬ್ರೌನ್ಸ್ ಲೇನ್‌ ಕಾರ್ಖಾನೆಯಲ್ಲಿ ಜಾಗ್ವಾರ್ ಕಾರು ಕಟ್ಟುವುದು ನಿಂತಿತು. 2008ರಲ್ಲಿ ಜಾಗ್ವಾರನ್ನೇ ಟಾಟಾದವರು ಕೊಂಡರು. ಮೇಷ್ಟ್ರು ಅವರು, ಯಜಮಾನರು ನಾವು!

ಆದರೆ ಈ ‘ನಾವು’ ಅಂದರೆ ಯಾರು ಸ್ವಾಮಿ? ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ ಪದವಿಗೆ ಯುಜಿಸಿ 2022ರಲ್ಲಿ ನಿಯಮ ಮಾಡಿತು. ನ್ಯಾಕ್‌ನಲ್ಲಿ 4ಕ್ಕೆ 3.01 ಅಂಕ ಬೇಕು, ಇಲ್ಲವೇ ದೇಶದ ಮೊದಲ 100 ವಿಶ್ವವಿದ್ಯಾಲಯಗಳಲ್ಲಿ ಹೆಸರಿರಬೇಕು, ಅದೂ ಇಲ್ಲದಿದ್ದರೆ ‘ಶ್ರೇಷ್ಠ ಸಂಸ್ಥೆ’ ಪಟ್ಟ ಬೇಕು ಅಂದಿತು. ಉಂಡವರಿಗೇ ಮತ್ತೊಂದು ಎಲೆ. ಹಳೇ ಎಂಜಿನ್ನನ್ನೇ ಬಿಚ್ಚಿ ಜೋಡಿಸುವ ಜಿಲ್ಲೆಯ ಹುಡುಗರು ಗೇಟಿನಾಚೆ.

ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಇದೆಲ್ಲ ಯಾಕೆ ಅಂತೀರಾ? ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ಹುಡುಗರನ್ನು ದಿನಾ ನೋಡ್ತೀನಿ, ಅದಕ್ಕೆ. ವಿದೇಶಿ ಪ್ರೊಫೆಸರು ಬೆಂಗಳೂರಿಗೆ ಬಂದಾಗ ಒಂದು ವಾರ ಜಿಲ್ಲೆಯ ಪಾಲಿಟೆಕ್ನಿಕ್ಕಿನಲ್ಲೂ ಪಾಠ ಮಾಡಬೇಕು, ಬೇಸಿಗೆ ರಜದಲ್ಲಿ ಲ್ಯಾಬಿನ ಬಾಗಿಲು ನಮ್ಮ ಹುಡುಗರಿಗೂ ತೆಗೀಬೇಕು ಅಂತ ಒಪ್ಪಂದದ ಕಾಗದದಲ್ಲೇ ಬರೀಲಿ. ಬಸ್ ಚಾರ್ಜು ಬೇಕಾದರೆ ಹುಡುಗರೇ ಹಾಕ್ಕೋತಾರೆ.