ಹಳೆಯ ಕಾರು, ಮುಳುಗಿದ ದಾರಿ

ಹಳೆಯ ಕಾರೊಂದನ್ನು ದುರಸ್ತಿ ಮಾಡಿಸಿಕೊಂಡು ದೇಶ ಸುತ್ತುವ ಹವ್ಯಾಸ ನವದಂಪತಿಗಳಲ್ಲಿ ಕೆಲವರಿಗೆ ಹಿಡಿದಿದೆ. ಪೆಟ್ರೋಲಿನ ದುಂದೆಂದು ಹಿರಿಯರು ಮೂಗು ಮುರಿಯುವುದುಂಟು, ನನಗೇನೋ ಮೆಚ್ಚುಗೆಯೇ. ಅಂಥವರು ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬಂದರೆನ್ನೋಣ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯೂ ಈ ಮೂರು ತಾಲ್ಲೂಕುಗಳನ್ನೇ ಹಾದು ಬರುತ್ತಾಳೆ. ಅಂಬಾಸಿಡರ್ ಕಾರಿನ ತಯಾರಿಕೆ ಮೊದಲಾದದ್ದು 1957ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮೊದಲ ವರ್ಷಗಳ ಕಾರಾದರೆ ಅದು ಈ ಹಿನ್ನೀರಿಗಿಂತಲೂ ಹಿರಿಯದು! ಅಂದು ಅದು ಓಡಬಹುದಾಗಿದ್ದ ದಾರಿಗಳು, ಗದ್ದೆ, ತೋಟ, ಮನೆಗಳು ಎಷ್ಟೋ ಇಂದು ನೀರಿನಡಿ ಇವೆ. ಲಾಂಚಿಗೆ ಕಾದು ಕಾದು ಬೇಸತ್ತ ತುಮರಿ ಕಡೆಯವರಿಗೆ ಸೇತುವೆ ದೊರೆತದ್ದು 2025ರಲ್ಲಿ. ಮುಳುಗಡೆಯವರ ಹಕ್ಕುಪತ್ರದ ಅಲೆದಾಟವಂತೂ ಅರುವತ್ತು ವರ್ಷಕ್ಕೂ ಮುಗಿಯಲಿಲ್ಲ.

ಹಿನ್ನೀರಿನ ಮುಂದೆ ಕಾರು ನಿಲ್ಲಿಸಿ ದಂಪತಿಗಳು ಫೋಟೋ ತೆಗೆಸಿಕೊಳ್ಳಲಿ, ಬೇಡವೆನ್ನುವವನು ನಾನಲ್ಲ. ಆದರೆ ಹಳೆಯ ಬಿಡಿಭಾಗವೊಂದಕ್ಕಾಗಿ ಊರೂರು ವಿಚಾರಿಸುವವರು, ಹಳೆಯ ದಾರಿ ಎಲ್ಲಿ ಹಾದಿತ್ತೆಂದು ದಡದ ಚಹದಂಗಡಿಯಲ್ಲಿ ಕುಳಿತ ಹಿರಿಯರನ್ನು ಒಂದು ಮಾತು ಕೇಳಬೇಡವೇ? ನಾವಾದರೂ ಕೇಳಿದ್ದೇವೆಯೇ? ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.